ಮೇಲಿಂದ ಹೊಳೆ ದಾಟಿದರೆ

ಬಸ್ಸಾಗಲಿ ರೈಲಾಗಲಿ, ಸೇತುವೆ ಬಂತೆಂದರೆ ನನ್ನ ಕೈ ತಾನಾಗಿಯೇ ಪರ್ಸಿನೊಳಗೆ ಇಳಿಯುತ್ತದೆ. ಒಂದು ನಾಣ್ಯ ಹುಡುಕಿ, ಕಣ್ಣಿಗೊತ್ತಿಕೊಂಡು, ಕಿಟಕಿಯಿಂದ ಹೊಳೆಗೆ ಎಸೆದರೇ ನನಗೆ ಸಮಾಧಾನ. ಇದರಿಂದ ನಾನು ಪಟ್ಟ ಪಾಡು ಒಂದೆರಡಲ್ಲ. ಒಮ್ಮೆ ನಾನೆಸೆದ ನಾಣ್ಯ ಸೇತುವೆಯ ಕಂಬಿಗೆ ಬಡಿದು, ಹಿಂದಿನ ಕಿಟಕಿಯ ಪಕ್ಕ ನಿದ್ದೆ ಹೊಡೆಯುತ್ತಿದ್ದವರೊಬ್ಬರ ಮಡಿಲಿಗೆ ಬಿತ್ತು. ಅವರು ಎದ್ದು, ಅದನ್ನು ನೋಡಿ, ಜೇಬಿಗೆ ಹಾಕಿಕೊಂಡು ಮತ್ತೆ ಮಲಗಿದರು. ಇನ್ನೊಮ್ಮೆ ಹೊಳೆಯೆಂದು ತಿಳಿದು ಭಕ್ತಿಯಿಂದ ಎಸೆದದ್ದು ಯಾವುದೋ ಊರಿನ ಚರಂಡಿಗೆ. ಹವಾನಿಯಂತ್ರಿತ ಬೋಗಿಗಳು ಬಂದ ಮೇಲಂತೂ ಕಿಟಕಿಯೇ ತೆರೆಯುವುದಿಲ್ಲ; ನಾಣ್ಯ ಹಿಡಿದುಕೊಂಡು ಗಾಜಿಗೆ ಮೂಗು ಒತ್ತಿ ಕೂರುವುದಷ್ಟೇ ನನ್ನ ಪಾಲಿಗೆ ಉಳಿದಿದೆ.

ಹೋದ ವರ್ಷ ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಹೋಗಬೇಕಾಯಿತು. ಮೋಡ ಸರಿದು ಕೆಳಗೆ ಎಲ್ಲೋ ಒಂದು ಹೊಳೆ ಫಳಕ್ಕೆಂದು ಹೊಳೆಯಿತು ನೋಡಿ, ಕೈ ಪರ್ಸಿಗೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಹುಡುಗ ಗಾಬರಿಯಾಗಿ, "ಏನಾಯ್ತು ಆಂಟಿ, ಮಾತ್ರೆ ಬೇಕಾ?" ಎಂದ. ಹೌದಪ್ಪಾ ಎಂದು ಹೇಳಿ ಮಾನ ಉಳಿಸಿಕೊಂಡೆ. ಅವನು ಕರೆದು ತರಿಸಿಕೊಟ್ಟ ನೀರನ್ನು ಕುಡಿದು ಮುಗಿಸುವಷ್ಟರಲ್ಲಿ ವಿಮಾನ ಇಳಿಯುವ ಸೂಚನೆ ಬಂತು. ಇಷ್ಟು ಚಿಕ್ಕ ದೂರ ಇದು! ಈ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಎಷ್ಟೆಂದು ಇವತ್ತು ಯಾರ ಕೈಯಲ್ಲಿರುವ ಫೋನಾದರೂ ಹೇಳೀತು. ಆದರೆ ಅದನ್ನು ನಮ್ಮಜ್ಜಿ ಒಂದು ಸಲ ತನ್ನದೇ ರೀತಿಯಲ್ಲಿ ಅಳೆದಿದ್ದಳು. ಆ ಅಳತೆಯ ಮುಂದೆ ನನಗೆ ಬೇರೆ ಯಾವ ಲೆಕ್ಕವೂ ಹತ್ತುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಅಜ್ಜಂಪುರದಲ್ಲಿ. ಅಜ್ಜನದು ಅಲ್ಲಿ ಈರುಳ್ಳಿ ಮಂಡಿ. ನಮ್ಮ ಕಡೆ ರಸ್ತೆಯ ಪಕ್ಕ ಮೈಲಿಗಲ್ಲುಗಳು ಇದ್ದವು, ಅವುಗಳನ್ನು ನಂಬುವವರು ಮಾತ್ರ ಇರಲಿಲ್ಲ. ಕೂಗಳತೆ ದೂರ, ಒಂದು ಎಲೆಯಡಿಕೆ ಮೆಲ್ಲುವಷ್ಟು ದೂರ, ಎತ್ತಿಗೆ ಒಂದು ಸಲ ನೀರು ಕುಡಿಸುವಷ್ಟು ದೂರ, ಹೀಗೆ ನಡೆಯುತ್ತಿತ್ತು ವ್ಯವಹಾರ. ಇದರ ಮೇಲೆ ಇನ್ನೊಂದು ಮರ್ಯಾದೆ ಇತ್ತು. ದಾರಿ ಕೇಳಿದವರಿಗೆ ಇದ್ದಷ್ಟು ದೂರವನ್ನು ಹೇಳಬಾರದು. ಪಾಪ, ನಡೆಯುವವರ ಕಾಲು ಸೋತುಹೋಗುತ್ತದೆ. "ಇಲ್ಲೇ ಕಣಪ್ಪಾ, ಆ ಬೇವಿನ ಮರ ದಾಟಿದ್ರೆ ಬಂತು" ಎನ್ನಬೇಕು. ಆ ಬೇವಿನ ಮರದ ಹತ್ತಿರ ನಿಂತಿದ್ದವನೂ ಇನ್ನೊಂದು ಬೇವಿನ ಮರ ತೋರಿಸುತ್ತಾನೆ. ಹೀಗೆ ಮರದಿಂದ ಮರಕ್ಕೆ ಪುಸಲಾಯಿಸಿಕೊಂಡೇ ಜನ ಅಂತರಘಟ್ಟೆಗೂ ತರೀಕೆರೆಗೂ ನಡೆದು ಹೋಗಿ ಬರುತ್ತಿದ್ದರು. ನನಗೂ ಈ ಗುಣ ಹಾಗೇ ಬಂದುಬಿಟ್ಟಿದೆ. ನನ್ನ ಮಾತು ನಂಬಿ ನಡೆದವರು ಆಮೇಲೆ ನನ್ನ ಮುಖ ನೋಡಿಲ್ಲ.

ಅಜ್ಜಿ ಮಾತ್ರ ದೂರವನ್ನು ಹೊಳೆಗಳಲ್ಲಿ ಎಣಿಸುತ್ತಿದ್ದಳು. ತರೀಕೆರೆಗೆ ಅಡ್ಡ ಯಾವ ಹೊಳೆಯೂ ಇಲ್ಲ, ಹಾಗಾಗಿ ಅದು ದೂರವೇ ಅಲ್ಲ. ಶಿವಮೊಗ್ಗಕ್ಕೆ ಭದ್ರೆ ಅಡ್ಡ, ಅದು ದೂರ. ಹೊಳೆ ಅಡ್ಡ ಬಂತೆಂದರೆ ಆಚೆಯವರ ಅಡುಗೆ ಬೇರೆ, ಮಾತು ಬೇರೆ, ಕಷ್ಟಕ್ಕೆ ಕರೆದರೆ ಕೇಳಿಸುವುದಿಲ್ಲ ಎಂದು ಅವಳ ಲೆಕ್ಕ. ಅವಳ ತವರು ಸಖರಾಯಪಟ್ಟಣ. ಅಲ್ಲಿಯ ಕೆರೆಯ ಕಡೆಯಿಂದ ಬಂದು ಕಡೂರಿನ ಮಗ್ಗುಲಲ್ಲಿ ಹರಿಯುವ ವೇದಾವತಿಯನ್ನು ಮಾತ್ರ ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. "ಅವ್ಳು ನಮ್ಮನೆ ಹೆಣ್ಣುಮಗಳು ಕಣೇ. ಸರ್ಕೋ ಅಂದ್ರೆ ಸರ್ಕೋತಾಳೆ" ಎನ್ನುವಳು.

ಇಂಥ ಅಜ್ಜಿಯ ಒಬ್ಬಳೇ ಮಗಳು, ಎಂದರೆ ನಮ್ಮಪ್ಪನ ತಂಗಿ, ಗಿರಿಜತ್ತೆ. ಅವಳನ್ನು ತರೀಕೆರೆಗೆ ಕೊಟ್ಟಿದ್ದರು. ಹೊಳೆಯಿಲ್ಲದ ಊರು ನೋಡಿಯೇ ಅಜ್ಜಿ ಒಪ್ಪಿದ್ದು. ಮಾವ ರಸ್ತೆ ಇಲಾಖೆಯಲ್ಲಿ ಓವರ್‌ಸೀಯರ್. ಅಷ್ಟರಲ್ಲಿ ಕನ್ನಡದ ಸೀಮೆಗಳೆಲ್ಲ ಸೇರಿ ದೊಡ್ಡ ರಾಜ್ಯವಾಯಿತು, ಮಾವನಿಗೆ ಮಂಗಳೂರಿಗೆ ವರ್ಗವಾಯಿತು. ಎಲ್ಲರೂ ರಾಜ್ಯ ಒಂದಾಯಿತೆಂದು ಸಂತೋಷಪಟ್ಟರೆ ನಮ್ಮ ಮನೆಯಲ್ಲಿ ಒಲೆಯ ಮುಂದೆ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದಳು. "ಒಂದಾಯ್ತಂತೆ, ಒಂದು. ನನ್ನ ಮಗಳು ಆರು ಹೊಳೆ ಆಚೆಗೋದ್ಲು."

ಬಸುರಿ ಹೊಳೆ ದಾಟಬಾರದು ಎನ್ನುವುದು ನಮ್ಮಲ್ಲಿ ಹಿರಿಯರಿಂದ ಬಂದ ಮಾತು. ಗಿರಿಜತ್ತೆ ಮೊದಲ ಸಲ ಬಸುರಿಯಾದಾಗ, ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ಆ ಮಾತನ್ನು ಮೀರಿ ಬಸ್ಸಿನಲ್ಲಿ ಕರೆತರಲು ಹೋದರು. ಘಟ್ಟದ ತಿರುವುಗಳಲ್ಲಿ ಕುಲುಕಾಡಿ, ಮೇಲೆ ಹತ್ತುವಷ್ಟರಲ್ಲಿ ಬಸುರು ಹೋಗಿತ್ತು. ಎರಡನೆಯ ಸಲ ಹಿರಿಯರ ಮಾತಿಗೆ ತಲೆಬಾಗಿ ಅಲ್ಲೇ ಬಿಟ್ಟರು. ಎಂಟನೆಯ ತಿಂಗಳಲ್ಲಿ ತಂತಿ ಬಂತು. ಅಜ್ಜಿ ಉಟ್ಟ ಸೀರೆಯಲ್ಲೇ ಹೊರಟಳು. ಕಡೂರಿಗೆ ರೈಲು, ಅಲ್ಲಿಂದ ಚಿಕ್ಕಮಗಳೂರಿಗೆ ಬಸ್ಸು, ರಾತ್ರಿ ಅಲ್ಲೇ ಉಳಿದು, ಮಾರನೆಯ ದಿನ ಘಟ್ಟ ಇಳಿಯುವ ಬಸ್ಸು. ಅವಳು ಮುಟ್ಟುವ ಹೊತ್ತಿಗೆ ಮಗುವನ್ನು ಮಣ್ಣು ಮಾಡಿ ಆಗಿತ್ತು. ಗಿರಿಜತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದಳಂತೆ. "ಈಗ ಬಂದ್ಯಾ ಅವ್ವಾ" ಎಂದಳಂತೆ. ಅಜ್ಜಿ ಇದನ್ನು ನಮಗೆ ಯಾರಿಗೂ ಹೇಳಲಿಲ್ಲ. ಗಿರಿಜತ್ತೆಯಿಂದಲೇ ಕೇಳಿದ್ದ ಅಮ್ಮ ಒಂದು ದಿನ ನನಗೆ ಹೇಳಿದಳು.

ದಾಟಿಸಿದರೂ ಹೋಯಿತು, ದಾಟಿಸದಿದ್ದರೂ ಹೋಯಿತು. ಮೂರನೆಯ ಸಲ ಗಿರಿಜತ್ತೆ ಬಸುರಿ ಎಂದು ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಸಂತೋಷಪಡುವುದಕ್ಕೂ ಎಲ್ಲರಿಗೂ ಹೆದರಿಕೆ. ನಾನಾಗ ಮಿಡ್ಲ್ ಸ್ಕೂಲಿನ ಹುಡುಗಿ. ಏಳನೆಯ ತಿಂಗಳು ಹತ್ತಿರವಾಗುತ್ತಿದ್ದಾಗ ಮಾವನ ಕಾಗದ ಬಂತು. ಅಲ್ಲಿಯ ಲೇಡಿ ಡಾಕ್ಟರು ಬಸ್ಸೂ ಬೇಡ, ಮದ್ರಾಸ್ ಸೀಮೆಯೆಲ್ಲ ಸುತ್ತಿಕೊಂಡು ಬರುವ ರೈಲೂ ಬೇಡ ಎಂದಿದ್ದಾರೆ. ಬಜ್ಪೆಯ ಗುಡ್ಡದ ಮೇಲೆ ವಿಮಾನ ಬಂದಿಳಿಯುವ ಬಯಲಿದೆ. ಅಲ್ಲಿ ಹತ್ತಿದರೆ ಬೆಂಗಳೂರಿನ ಬಯಲಲ್ಲಿ ಇಳಿಸುತ್ತಾರೆ. ಎರಡರ ನಡುವೆ ಒಂದು ಗಂಟೆ ಚಿಲ್ಲರೆ ಅಷ್ಟೇ. ಅಲ್ಲಿಂದ ಅಜ್ಜಂಪುರಕ್ಕೆ ಕುಲುಕಾಟವಿಲ್ಲದ ರೈಲು ಇದ್ದೇ ಇದೆ. ಹೀಗೆಂದು ಬರೆದು, 'ಒಂದು ಗಂಟೆ' ಎನ್ನುವುದರ ಕೆಳಗೆ ಗೀಟೆಳೆದಿದ್ದ.

ಅಜ್ಜ ಕಾಗದವನ್ನು ಜೋರಾಗಿ ಓದಿದ. ರುಮಾಲು ತೆಗೆದು ತಲೆ ಕೆರೆದುಕೊಂಡು ಮತ್ತೊಮ್ಮೆ ಓದಿದ. ಆ ವರ್ಷ ಈರುಳ್ಳಿಗೆ ಒಳ್ಳೆಯ ಧಾರಣೆ ಸಿಕ್ಕಿತ್ತು, ಟಿಕೆಟ್ಟಿನ ಚಿಂತೆ ಅವನಿಗೆ ಇರಲಿಲ್ಲ. ಆ ಗಂಟೆಯೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

"ಮಂಗಳೂರಿಂದ ಬೆಂಗಳೂರಿಗೆ ಒಂದ್ ಗಂಟೆ? ನಮ್ ಎತ್ತಿನ್ ಗಾಡಿ ಪಕ್ಕದ ಶಿವನಿ ಮುಟ್ಟಲ್ವಲ್ಲೇ ಅಷ್ಟೊತ್ತಿಗೆ!"

ಅಜ್ಜಿ ನಕ್ಕಳು. "ನಮ್ಗೆ ಭಯ ಆಗ್ಬಾರ್ದು ಅಂತ ಕಮ್ಮಿ ಮಾಡಿ ಬರ್ದವ್ನೆ. ಒಳ್ಳೆ ಹುಡುಗ. ಗಂಟೆ ಅಂದ್ರೆ ದಿನ ಅಂತ ಇಟ್ಕೋ. ಒಂದಕ್ಕೆ ಎರಡು ದಿನಾನೇ ಇಟ್ಕೋ."

ಅಳಿಯ ಬೇವಿನ ಮರ ತೋರಿಸುತ್ತಿದ್ದಾನೆ ಎಂದೇ ಎಲ್ಲರ ತೀರ್ಮಾನವಾಯಿತು. ಅಪ್ಪ ಸ್ವಲ್ಪ ಇಂಗ್ಲಿಷ್ ಓದಿದವನು, ಅವನು ಮಾತ್ರ ಇರಬಹುದು ಎಂದ. ಆದರೆ ಅವನೂ ಅದುವರೆಗೆ ಕಂಡಿದ್ದ ವಿಮಾನವೆಂದರೆ ಯಾವಾಗಲೋ ಒಮ್ಮೆ ನಮ್ಮೂರಿನ ಮೇಲೆ ಬಹಳ ಎತ್ತರದಲ್ಲಿ ಗುಂಯ್ಯೆಂದು ಹೋದ ಒಂದು ಚುಕ್ಕಿ. ಆ ಚುಕ್ಕಿಯೊಳಗೆ ಮನುಷ್ಯರು ಕೂತಿರುತ್ತಾರೆ, ಅದರಲ್ಲಿ ನಮ್ಮ ಗಿರಿಜತ್ತೆಯೂ ಹೊಟ್ಟೆಯೊಳಗಿನ ಮಗುವೂ ಕೂರುತ್ತಾರೆ ಎಂದರೆ ನನಗೆ ಮೈ ಜುಮ್ಮೆಂದಿತು. ಎರಡು ದಿನ ನಾನು ಆಕಾಶ ನೋಡಿಕೊಂಡೇ ನಡೆದು ಎಮ್ಮೆಗೂ ಗೋಡೆಗೂ ಡಿಕ್ಕಿ ಹೊಡೆದೆ.

ಆಗಲೇ ನಾನೊಂದು ಅಧಿಕಪ್ರಸಂಗ ಮಾಡಿದೆ. ಮೇಷ್ಟರನ್ನು ಕಾಡಿ ಬೇಡಿ ಸ್ಕೂಲಿನ ಅಟ್ಲಾಸು ತಂದು, ನಡುಮನೆಯಲ್ಲಿ ಹರಡಿ, ಮಂಗಳೂರಿನಿಂದ ಬೆಂಗಳೂರಿಗೆ ಒಂದು ದಾರ ಎಳೆದು ಹಿಡಿದೆ. ದಾರ ನೆಟ್ಟಗೆ ನಿಂತಿತು. ಆ ನೆಟ್ಟಗಿದ್ದದ್ದನ್ನು ನೋಡಿಯೇ ಎಲ್ಲರೂ ಬೆರಗಾದರು. ನಿಮಗೆ ಇದು ವಿಚಿತ್ರ ಅನಿಸಬಹುದು. ನಮ್ಮ ಕಡೆ ನೆಟ್ಟಗಿರುವ ದಾರಿಯನ್ನು ಯಾರೂ ಕಂಡಿರಲಿಲ್ಲ. ಒಂದು ದಾರಿ ಹೊರಟರೆ ಯಾರದೋ ಹೊಲದ ಬದು ಬಳಸಬೇಕು, ಕೆರೆ ಏರಿ ಹತ್ತಬೇಕು, ಮಾರಿಗುಡಿಗೆ ಎಡಗಡೆ ಬಿಡಬೇಕು, ಜಗಳವಾಡಿದ ದಾಯಾದಿಯ ಕಣ ತಪ್ಪಿಸಬೇಕು. ಮೂರು ತಲೆಮಾರಿನ ಜಗಳ ತಿಳಿದಿದ್ದರೆ ಮಾತ್ರ ದಾರಿ ಯಾಕೆ ಹಾಗೆ ಸೊಟ್ಟಗಿದೆ ಎಂದು ತಿಳಿಯುತ್ತಿತ್ತು.

ಅಜ್ಜ ದಾರದ ಮೇಲೆ ಬೆರಳಾಡಿಸಿ ಹೇಳಿದ: "ಮೇಲೆ ಯಾರ ಖಾತೇನೂ ಇಲ್ಲ ಕಣೇ. ಅದ್ಕೇ ನೆಟ್ಟಗೆ ಹೋಗುತ್ತೆ."

ಯಾರ ಖಾತೆಯೂ ಇಲ್ಲದ, ಬದುವಿಲ್ಲದ, ಅಮಲ್ದಾರನೂ ಕಾಲಿಡದ ಅಷ್ಟು ದೊಡ್ಡ ಬಯಲು ನಮ್ಮ ತಲೆಯ ಮೇಲೇ ಇದೆ ಎನ್ನುವುದು ಅದುವರೆಗೆ ನಮಗೆ ಹೊಳೆದಿರಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಜಾಣತನ ತೋರಿಸಲು ಹೋಗಿ, ದಾರದ ಅಡಿಯಲ್ಲಿ ಸಿಕ್ಕ ನೀಲಿ ಗೆರೆಗಳ ಹೆಸರನ್ನೆಲ್ಲ ಓದಿದೆ: ನೇತ್ರಾವತಿ, ಹೇಮಾವತಿ, ಶಿಂಷಾ, ಅರ್ಕಾವತಿ. ಅಜ್ಜಿಯ ಮುಖ ಇಳಿದುಹೋಯಿತು.

"ನಾಲ್ಕು ಹೊಳೆ ಐತಾ ಕೆಳಗೆ?"

ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ವಿಮಾನ ಬೀಳುತ್ತದೆ ಎಂಬ ಭಯ ಅವಳಿಗಿರಲಿಲ್ಲ, ಅದು ಬೀಳುವ ವಸ್ತು ಎಂದೇ ಅವಳಿಗೆ ಗೊತ್ತಿರಲಿಲ್ಲ. ಬಸುರಿ ನಾಲ್ಕು ಹೊಳೆ ದಾಟುತ್ತಾಳೆ ಎನ್ನುವುದೇ ಅವಳ ಎದೆಯ ಮೇಲೆ ಕೂತಿತು. ಕೊನೆಗೆ ತಡೆಯಲಾರದೆ, ನನ್ನನ್ನೂ ಜೊತೆಗೆ ಎಳೆದುಕೊಂಡು ಮಠದ ಅಯ್ನೋರ ಹತ್ತಿರ ಹೋದಳು. ಮನೆತನಕ್ಕೆ ಕಷ್ಟ ಬಂದಾಗಲೆಲ್ಲ ಹೋಗುತ್ತಿದ್ದದ್ದು ಅವರಲ್ಲಿಗೇ.

"ಬುದ್ಧೀ, ಮೇಲಿಂದ ಹೊಳೆ ದಾಟಿದ್ರೆ ಅದು ದಾಟಿದಂಗಾ, ದಾಟ್ದೇ ಇದ್ದಂಗಾ?"

ಅಯ್ನೋರು ಕಣ್ಣು ಮುಚ್ಚಿದರು. ಧ್ಯಾನಕ್ಕೆ ಕೂತರು ಎಂದು ನಾವು ಕೈಮುಗಿದೆವು. ಅವರ ಹುಬ್ಬು ಗಂಟಿಕ್ಕಿದ್ದನ್ನು ನೋಡಿದರೆ, ಇಂಥ ಪ್ರಶ್ನೆಯನ್ನು ಅವರ ಗುರುಗಳಿಗೂ ಯಾರೂ ಕೇಳಿರಲಿಲ್ಲ ಎಂದು ಈಗ ನನಗನ್ನಿಸುತ್ತದೆ. ಆಮೇಲೆ ಕಣ್ಣು ಬಿಟ್ಟು, "ನೀರು ಮುಟ್ಟದಿದ್ರೆ ದಾಟಿದಂಗಲ್ಲ ಕಣವ್ವ" ಎಂದರು.

"ಸೇತುವೆ ಮೇಲೋದ್ರೂ ನೀರು ಮುಟ್ಟಲ್ಲ ಬುದ್ಧೀ. ಮೊದಲ್ನೇ ಸಲ ಸೇತುವೆ ಮೇಲೇ ಬಂದಿದ್ಲು ಅವ್ಳು."

ಅಯ್ನೋರು ಮೇಲಕ್ಕೆ ಕೈ ತೋರಿಸಿದರು. "ಹಕ್ಕಿ ನೋಡಿಲ್ವಾ? ಮೊಟ್ಟೆ ಹೊಟ್ಟೇಲಿಟ್ಕೊಂಡೇ ಹೊಳೆ ಮೇಲೆ ಹಾರಲ್ವಾ?"

"ಹಕ್ಕಿ ದಿನಾ ಹಾರುತ್ತೆ, ಹೊಳೆತಾಯಿಗೆ ಅದ್ರ ಪರಿಚಯ ಐತೆ. ಈ ಇಮಾನ ಅವ್ಳಿಗೆ ಏನು ಗೊತ್ತು?"

ಅಯ್ನೋರು ಸೋತು ನಕ್ಕುಬಿಟ್ಟರು. "ಹಂಗಾದ್ರೆ ನೀನೇ ಹೋಗಿ ಪರಿಚಯ ಮಾಡ್ಸವ್ವ. ನಿಂಗೆ ಗುರ್ತಿರೋ ಹೊಳೆ ಯಾವ್ದಾದ್ರೂ ಐತಲ್ಲ?"

ಅವರು ತಮಾಷೆಗೆ ಹೇಳಿದ್ದನ್ನು ಅಜ್ಜಿ ಅಪ್ಪಣೆ ಎಂದು ತೆಗೆದುಕೊಂಡಳು. ಮನೆಗೆ ಬಂದವಳೇ ಹೇಳಿದಳು: ಹೊಳೆಗಳೆಲ್ಲ ಅಕ್ಕತಂಗಿಯರು, ಒಬ್ಬಳಿಗೆ ಹೇಳಿದರೆ ಎಲ್ಲರಿಗೂ ಮುಟ್ಟುತ್ತದೆ. ತವರಿನ ಹೊಳೆ ವೇದಾವತಿ ಇದ್ದಾಳೆ. ಗಿರಿಜ ವಿಮಾನ ಹತ್ತುವ ಹೊತ್ತಿಗೆ ತಾನು ಕಡೂರಿನ ಹತ್ತಿರ ಅವಳಲ್ಲಿ ಇಳಿಯುತ್ತೇನೆ. ದಾಟುವುದೇನಿದ್ದರೂ ತನ್ನ ಲೆಕ್ಕಕ್ಕೆ ಬರಲಿ, ಮಗಳ ಲೆಕ್ಕಕ್ಕೆ ಬೇಡ.

"ಅವ್ಳು ಮೇಲಿರೋ ತನಕ ನಾನು ನೀರಲ್ಲಿರ್ತೀನಿ. ಎರಡು ದಿನಾನೋ ಮೂರು ದಿನಾನೋ. ಇಳಿದ್ಲು ಅಂತ ಸುದ್ದಿ ಬಂದ್ಮೇಲೆ ಮೇಲಕ್ಕೆ ಬತ್ತೀನಿ."

ಅಪ್ಪ ಬೈದ, ಅಜ್ಜ ಬೇಡಿಕೊಂಡ, ಅಮ್ಮ ಅತ್ತಳು. ನಡೆಯಲಿಲ್ಲ. ನೀವು ನಮ್ಮಜ್ಜಿಯನ್ನು ಕಂಡಿಲ್ಲ, ಕಂಡಿದ್ದರೆ ಆ ಮೂವರು ಹೂಡಿದ ವ್ಯರ್ಥ ಪ್ರಯತ್ನಕ್ಕೆ ಮರುಗುತ್ತಿದ್ದಿರಿ.

ಹೀಗೆ ಕಾರ್ತಿಕದ ಒಂದು ದಿನ ನಮ್ಮ ಸಂಸಾರ ಎರಡು ಭಾಗವಾಗಿ ಹೊರಟಿತು. ಅಜ್ಜ ಮಗಳನ್ನೂ ಅಳಿಯನನ್ನೂ ಇದಿರುಗೊಳ್ಳಲು ಬೆಂಗಳೂರಿಗೆ ಹೋದ. ಅಜ್ಜಿ, ಅಪ್ಪ, ಅಮ್ಮ, ನಾನು ಕಡೂರಿಗೆ ಬಂದೆವು. ಎರಡು ಮೂರು ದಿನದ ಲೆಕ್ಕದಲ್ಲಿ ನಾವು ಹೊತ್ತು ತಂದದ್ದನ್ನು ನೋಡಬೇಕಿತ್ತು. ಒಂದು ಗಂಟು ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ತಂಬಿಟ್ಟು, ಒಂದು ಕೊಡ ಮಜ್ಜಿಗೆ, ಚಾಪೆಗಳು, ಎರಡು ಕಂಬಳಿ, ಲಾಟೀನು, ಸೀಮೆಎಣ್ಣೆ, ಅಜ್ಜಿಗೆ ಬದಲಾಯಿಸಲು ಮೂರು ಸೀರೆ. ಸ್ಟೇಷನ್ನಿನಲ್ಲಿ ಒಬ್ಬರು "ಎಲ್ಲಿಗೆ ಕಾಶಿಗಾ?" ಎಂದು ಕೇಳಿದರು. "ಇಲ್ಲೇ" ಎಂದ ಅಪ್ಪ.

ರೈಲು ಸೇತುವೆಯ ಸ್ವಲ್ಪ ಕೆಳಗೆ, ಮಡಿವಾಳರು ಬಟ್ಟೆ ಒಗೆಯುವ ಕಡೆ ನೀರು ಮೊಣಕಾಲುದ್ದ ಇತ್ತು. ವಿಮಾನ ಬೆಳಗಿನ ಹೊತ್ತು ಹೊರಡುತ್ತದೆ ಎಂದು ಮಾವ ಬರೆದಿದ್ದ. ಮಾರನೆಯ ದಿನ ಆ ಹೊತ್ತಿಗೆ ಅಜ್ಜಿ ಹಣೆಗೆ ವಿಭೂತಿ ಹಚ್ಚಿ, ಅರಿಶಿನ ಕುಂಕುಮ ಎಲೆಯಡಿಕೆಯನ್ನು ನೀರಿಗೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದಳು. ಬಗ್ಗಿ ನೀರಿನೊಂದಿಗೆ ಏನೋ ಮಾತಾಡಿದಳು. ತವರಿಗೆ ಹೋದಾಗ ನಾದಿನಿಯ ಹತ್ತಿರ ಮಾತಾಡುತ್ತಿದ್ದಳಲ್ಲ, ಅದೇ ದನಿ. ಆಮೇಲೆ ನೆಟ್ಟಗೆ ನಿಂತು ಆಕಾಶ ನೋಡಿದಳು. ನಾನೂ ನೋಡಿದೆ. ನನಗೆ ಪ್ರತಿ ಹದ್ದೂ ಗಿರಿಜತ್ತೆಯಾಗಿ ಕಂಡು, "ಬಂತು ಬಂತು" ಎಂದು ಕೂಗಿ ಕೂಗಿ ಅಪ್ಪನ ಕೈಲಿ ತಲೆಗೊಂದು ಮೊಟಕಿಸಿಕೊಂಡೆ.

ಬಟ್ಟೆ ಒಗೆಯುತ್ತಿದ್ದ ಹನುಮಕ್ಕ ಎಂಬ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು. "ಏನ್ ಹರಕೆ ಕಣಮ್ಮಾ ಇದು?" ಎಂದು ಕೇಳಿದಳು. ಅಮ್ಮ ಎಲ್ಲ ಹೇಳಿದಳು, ಹೋದ ಎರಡು ಬಸುರಿನ ವಿಷಯವನ್ನೂ ಹೇಳಿದಳು. ಹನುಮಕ್ಕ ಎತ್ತಿದ್ದ ಬಟ್ಟೆಯನ್ನು ಹಾಗೇ ಕೆಳಗಿಳಿಸಿದಳು.

"ಹಂಗಾದ್ರೆ ಆಯಮ್ಮ ಇಳಿಯೋಗಂಟ ನಾನು ಒಗೆಯಲ್ಲ ಬಿ‌ಡಿ. ಬಸುರಿ ಮ್ಯಾಲೆ ಹೋಗ್ತಿರೋವಾಗ ನೀರು ಬಡೀಬಾರ್ದು, ಹೊಳೆವ್ವ ಬೆಚ್ಚುತಾಳೆ" ಎಂದು ಕಲ್ಲಿನ ಮೇಲೆ ಕೂತುಬಿಟ್ಟಳು. ಅವಳನ್ನು ನೋಡಿ ಆಚೆ ದಡದವರೂ ಬಟ್ಟೆ ಬಿಟ್ಟು ಕೂತರು. ಟಪ್ ಟಪ್ ಸದ್ದೆಲ್ಲ ನಿಂತು ಹೊಳೆಯಲ್ಲಿ ನೀರು ಕಲ್ಲಿಗೆ ತಾಗುವ ಸದ್ದು ಮಾತ್ರ ಉಳಿಯಿತು. ಇಷ್ಟು ವರ್ಷದಲ್ಲಿ ಎಂಥೆಂಥ ದೊಡ್ಡ ದೇವಸ್ಥಾನಗಳಲ್ಲೋ ನಿಂತಿದ್ದೇನೆ; ಆ ಹೊತ್ತಿನಷ್ಟು ಮನಸ್ಸು ತುಂಬಿ ಬಂದದ್ದು ಬೇರೆಲ್ಲೂ ನೆನಪಿಲ್ಲ. ಗುರುತಿಲ್ಲದ ಒಬ್ಬ ಬಸುರಿಗಾಗಿ ಕಡೂರಿನ ಒಗೆಯುವ ಕಲ್ಲುಗಳೆಲ್ಲ ಸುಮ್ಮನಿದ್ದವು.

ನಮಗೆ ಹಸಿವಾಯಿತು. ರೊಟ್ಟಿಯ ಗಂಟು ಬಿಚ್ಚಿದೆವು. ಅಜ್ಜಿ ಬೇಡವೆಂದಳು. ಬಿಸಿಲೇರಿತು. ಅಪ್ಪ ಬೇಡಿಕೊಂಡ ಮೇಲೆ ನೀರಿನ ನಡುವಿನ ಒಂದು ಬಂಡೆಯ ಮೇಲೆ ಕೂರಲು ಒಪ್ಪಿದಳು, ಕಾಲು ಮಾತ್ರ ನೀರಿನಿಂದ ಎತ್ತಲಿಲ್ಲ. ಹೊತ್ತು ನೆತ್ತಿಗೆ ಬಂದು ಇಳಿಯತೊಡಗಿತು. ಅಜ್ಜಿ ಕಣ್ಣು ಮುಚ್ಚಿ, ಒಂದೊಂದು ಹೊಳೆಯ ಹೆಸರನ್ನೂ ಕರೆದು, "ತಾಯಿ, ಬಿಟ್ಟುಕೊಡೇ" ಎನ್ನುತ್ತಿದ್ದಳು. ನೇತ್ರಾವತಿ ಮುಗಿದು ಹೇಮಾವತಿಯ ಹತ್ತಿರ ಅವಳ ಮಗಳು ಬಂದಿದ್ದಾಳೆ ಎಂದು ಅವಳ ಅಂದಾಜು. ಇನ್ನೂ ಎರಡಿದೆ, ನಾಳೆ ಮಧ್ಯಾಹ್ನ ಆದೀತು ಎಂದಳು.

ಆಗ ದಂಡೆಯ ಮರಳಿನಲ್ಲಿ ಸೈಕಲ್ಲು ತಳ್ಳಿಕೊಂಡು ಅಂಚೆಯವನು ಬಂದ. ತಂತಿ ಬಂದರೆ ಹೊಳೆಯ ಹತ್ತಿರ ಇರುತ್ತೇವೆ ಎಂದು ಅಪ್ಪ ಬೆಳಿಗ್ಗೆಯೇ ಅಂಚೆ ಕಚೇರಿಗೆ ಹೋಗಿ ಹೇಳಿ ಬಂದಿದ್ದ. ಆದರೂ ಅವನ ಕೈಯಲ್ಲಿದ್ದ ಕಾಗದವನ್ನು ಕಂಡು ಯಾರೂ ಏಳಲಿಲ್ಲ. ಆ ಕಾಲದಲ್ಲಿ ತಂತಿ ಎಂದರೆ ಸಾವು. ನಮ್ಮ ಮನೆಗೆ ಹಿಂದೆ ಬಂದದ್ದೂ ಅಂಥದೇ. ವಿಮಾನ ಇಳಿಯಲು ಇನ್ನೂ ಒಂದು ದಿನ ಇದೆ ಎಂದಮೇಲೆ ಈಗ ಬಂದ ತಂತಿ ಬೇರೆ ಇನ್ನೇನು ತಂದೀತು? ಅಮ್ಮ ನನ್ನನ್ನು ಬಿಗಿಯಾಗಿ ಹಿಡಿದುಕೊಂಡಳು. ಅಜ್ಜಿ ಬಂಡೆಯಿಂದ ಎದ್ದು ನೀರಿನಲ್ಲಿ ನಿಂತಳು. ಅಪ್ಪ ಬಿಡಿಸಿ ಓದಿದ. ಮತ್ತೆ ಓದಿದ.

"ಅವ್ವಾ, ಇಳಿದ್ರಂತೆ! ಇಬ್ರೂ ಕ್ಷೇಮವಂತೆ! ಅಪ್ಪ ಕರ್ಕೊಂಡು ರೈಲು ಹತ್ತವ್ನೆ, ಸಾಯಂಕಾಲ ಕಡೂರಲ್ಲಿ ಇಳೀತಾರಂತೆ!"

ಹನುಮಕ್ಕ ಎದ್ದು, ಎರಡೂ ಕೈಯಿಂದ ನೀರಿಗೆ ನಮಸ್ಕಾರ ಮಾಡಿ, ಬಟ್ಟೆ ಎತ್ತಿ ಕಲ್ಲಿಗೆ ಬಡಿದಳು. ಆಚೆ ದಡದಲ್ಲೂ ಸದ್ದು ಶುರುವಾಯಿತು. ನಾನು ಕುಣಿದೆ. ಅಜ್ಜಿ ಮಾತ್ರ ಅಲ್ಲಾಡಲಿಲ್ಲ.

"ಯಾವಾಗ ಇಳಿದ್ರಂತೆ?"

"ಬೆಳಿಗ್ಗೇನೇ ಕಣವ್ವ. ತಂತಿ ಬರೋದೇ ತಡ ಆಗೈತೆ. ನೀನು ನೀರಿಗಿಳಿದ್ಮೇಲೆ ನಾವು ರೊಟ್ಟಿ ಬಿಚ್ಚಿದ್ವಲ್ಲ, ಆಗ್ಲೇ ಇಳಿದವ್ರೆ."

ಅಜ್ಜಿ ರೊಟ್ಟಿಯ ಗಂಟನ್ನು ನೋಡಿದಳು. ಅದರಲ್ಲಿ ಇನ್ನೂ ಎರಡು ದಿನಕ್ಕಾಗುವಷ್ಟು ಇತ್ತು. ಚಾಪೆ, ಕಂಬಳಿ, ಲಾಟೀನುಗಳನ್ನು ನೋಡಿದಳು. ಅಳಿಯ ಸುಳ್ಳು ಬರೆದಿರಲಿಲ್ಲ.

"ಇಷ್ಟೇನಾ?" ಎಂದಳು. ಆಮೇಲೆ ಬಹಳ ಮೆಲ್ಲಗೆ, "ಲೇ, ಈ ಇಮಾನ ಆಗ್ಲೂ ಹಾರ್ತಿತ್ತೇನೋ? ಆ ಎರಡು ಸಲ ಆದಾಗ?"

ಅಪ್ಪ ತಂತಿಯ ಕಾಗದವನ್ನು ಮಡಚುತ್ತಲೇ ಇದ್ದ. ಮಡಚುವುದಕ್ಕೆ ಏನೂ ಉಳಿದಿರಲಿಲ್ಲ.

"ಹಾರ್ತಿತ್ತು ಕಣವ್ವ. ನಮ್ಗೆ ಗೊತ್ತಿರ್ಲಿಲ್ಲ."

ಅಜ್ಜಿ ತಲೆಯಾಡಿಸಿದಳು. ಇಷ್ಟು ವರ್ಷ ಅವಳು ಮಗಳನ್ನು ನೆನೆದು ಅತ್ತದ್ದೆಲ್ಲ ಆ ದೂರಕ್ಕೆ. ಯಾರ ತಪ್ಪೂ ಅಲ್ಲ, ದೂರ ಹಾಗಿದೆ ಎಂದುಕೊಂಡು ಹೇಗೋ ಬದುಕಿದ್ದಳು. ಈಗ ಆ ದೂರವೇ ಇರಲಿಲ್ಲ ಎಂದಾಯಿತು. ಅವಳ ಮುಖದಲ್ಲಿ ಸಂತೋಷ, ಬೆರಗು, ಸಂಕಟ ಎಲ್ಲವೂ ಒಟ್ಟಿಗೇ ಬಂದವು. ಅಪ್ಪ ಅವಳನ್ನು ಮೇಲಕ್ಕೆ ಕರೆದ. ಬರುವುದಿಲ್ಲ ಎಂದಳು.

"ಇದಕ್ಕೆ ನಿಂತಿದ್ದಾಯ್ತು. ಆ ಎರಡಕ್ಕೂ ನಾನು ನಿಂತಿರ್ಲಿಲ್ಲ. ಅವಕ್ಕೂ ಒಂದಿಷ್ಟು ನಿಂತ್ಕೋತೀನಿ, ಸುಮ್ನಿರು."

ಸ್ವಲ್ಪ ಹೊತ್ತು ಬಿಟ್ಟು ಅಮ್ಮ ಎದ್ದು, ಸೀರೆ ಎತ್ತಿಕಟ್ಟಿ, ಹೋಗಿ ಅಜ್ಜಿಯ ಪಕ್ಕದಲ್ಲಿ ನೀರಿನಲ್ಲಿ ನಿಂತಳು. ಆಮೇಲೆ ನಾನೂ ಹೋದೆ. ನನಗೆ ಆಗ ಎಲ್ಲವೂ ಅರ್ಥವಾಗಿತ್ತು ಎಂದು ಹೇಳಿದರೆ ಸುಳ್ಳಾದೀತು. ಕಾಲಿಗೆ ಮೀನುಮರಿ ಕಚ್ಚುತ್ತಿದ್ದವು, ನಗು ಬರುತ್ತಿತ್ತು, ನಗಬಾರದು ಎಂದು ಮಾತ್ರ ಹೇಗೋ ತಿಳಿದಿತ್ತು. ಎರಡು ತಿಂಗಳ ಮೇಲೆ ಅಜ್ಜಂಪುರದ ಮನೆಯಲ್ಲಿ ಗಿರಿಜತ್ತೆಗೆ ಹೆಣ್ಣುಮಗು ಹುಟ್ಟಿ, ಬೀದಿಗೆಲ್ಲ ಕೇಳುವಂತೆ ಅತ್ತು, ಇವತ್ತಿಗೂ ಗಟ್ಟಿ ದನಿಯಲ್ಲೇ ನನ್ನ ಜೊತೆ ಜಗಳವಾಡಿಕೊಂಡು ಚೆನ್ನಾಗಿದೆ. ಆದರೆ ಆ ಸಾಯಂಕಾಲ ನಮಗೆ ಅದೊಂದೂ ಗೊತ್ತಿರಲಿಲ್ಲ. ಬಿಸಿಲು ಹಳದಿಯಾಗುತ್ತಿತ್ತು. ಹನುಮಕ್ಕ ಒಗೆದ ಬಟ್ಟೆಗಳನ್ನು ಮಡಚಿಕೊಂಡು ಹೋದಳು.

ಹೊತ್ತು ಮುಳುಗುವುದಕ್ಕೆ ಸ್ವಲ್ಪ ಮುಂಚೆ ಬಾಣಾವರದ ಕಡೆಯಿಂದ ರೈಲು ಕೂಗಿತು. ಸೇತುವೆ ಮೊದಲು ಸಣ್ಣಗೆ, ಆಮೇಲೆ ಜೋರಾಗಿ ನಡುಗಿತು. ನೀರಿನಲ್ಲಿದ್ದ ನಮ್ಮ ಕಾಲಿಗೂ ಆ ನಡುಕ ತಾಗಿತು. ಡಬ್ಬಿಗಳು ಒಂದೊಂದಾಗಿ ತಲೆಯ ಮೇಲೆ ದಾಟತೊಡಗಿದವು. ಯಾವುದರಲ್ಲಿ ಗಿರಿಜತ್ತೆ ಇದ್ದಾಳೆಂದು ಕಾಣುವಂತಿರಲಿಲ್ಲ. ಅಜ್ಜಿ ಪ್ರತಿಯೊಂದು ಡಬ್ಬಿಗೂ ಕೈಯೆತ್ತಿದಳು, ಒಂದನ್ನೂ ಬಿಡಲಿಲ್ಲ. ಕೊನೆಯ ಡಬ್ಬಿ ಆಚೆ ದಡ ಮುಟ್ಟಿ, ಸೇತುವೆಯ ನಡುಕ ಪೂರ್ತಿ ನಿಲ್ಲುವವರೆಗೂ ಕಾದಳು. ಆಮೇಲೆ ಬೆಳಗಿನಿಂದ ಮೊದಲ ಬಾರಿಗೆ ಅಪ್ಪನ ಕಡೆ ಕೈ ಚಾಚಿದಳು.

"ಕೈ ಕೊಡೋ. ಮಗಳು ಬಂದ್ಲು, ಹೋಗಾಣ."